ಗಾದಿ ಅಂಗಡಿಯಲ್ಲಿ ನಮ್ಮ ರಾಕ್ ಬ್ಯಾಂಡ್

ನಾನು ಹಾಡುವುದನ್ನು ಯಾರೂ ನೋಡಬಾರದು, ಕೇಳಿದರೆ ಅಡ್ಡಿಯಿಲ್ಲ. ಇಂಥವಳು ರಾಕ್ ಬ್ಯಾಂಡಿನ ಗಾಯಕಿಯಾದದ್ದಕ್ಕೆ ಹತ್ತಿಯೇ ಕಾರಣ. ನಮ್ಮ ಡ್ರಮ್ಮರ್ ಇಮ್ರಾನನ ತಂದೆ ಗಫಾರ್ ಸಾಬರಿಗೆ ಚಿತ್ರದುರ್ಗದಲ್ಲಿ ಹತ್ತಿ ಗಾದಿಯ ಅಂಗಡಿಯಿದೆ. ಹಿಂದಿನ ಕೋಣೆಯಲ್ಲಿ ಗಾದಿಗಳನ್ನು ಸುತ್ತಲೂ ನಿಲ್ಲಿಸಿ ನಡುವೆ ಮೈಕ್ ಇಟ್ಟರೆ ಅದೇ ನಮ್ಮ ಸ್ಟುಡಿಯೋ. ಹತ್ತಿ ಸದ್ದನ್ನು ಹೀರುತ್ತದೆ ಎಂಬುದು ಭೌತಶಾಸ್ತ್ರ ಓದಿದ ನನಗೆ ಗೊತ್ತು. ಅದರ ಹಿಂದೆ ನಿಂತರೆ ನಾನು ಕಾಣುವುದಿಲ್ಲ ಎಂಬುದು ಇನ್ನೂ ಚೆನ್ನಾಗಿ ಗೊತ್ತು.

ತೊಂದರೆಯೆಂದರೆ, ಗಾದಿಗಳು ಮಾರಾಟಕ್ಕಿದ್ದವು. ಮದುವೆ ಕಾಲ ಬಂದಂತೆ ನಮ್ಮ ಗೋಡೆ ಕರಗತೊಡಗಿತು. ರೆಕಾರ್ಡಿಂಗ್ ವೇಳೆ ಮಾತಾಡಬಾರದೆಂದು ನಾವು ಹೇಳಿದ್ದರಿಂದ ಸಾಬರು ಗಿರಾಕಿಗಳೊಂದಿಗೆ ಬೆರಳಲ್ಲೇ ಚೌಕಾಶಿ ಮಾಡಿ, ಗಾದಿಯನ್ನು ಸದ್ದಿಲ್ಲದೆ ಸಾಗಿಸುತ್ತಿದ್ದರು. ಮೊದಲ ಹಾಡಿನಲ್ಲಿ ನನ್ನ ದನಿ ಕಿವಿಯ ಪಕ್ಕದಲ್ಲಿದೆ; ಮೂರನೆಯದರಲ್ಲಿ ಬಾವಿಯೊಳಗಿದೆ. ಇಂಟರ್ನೆಟ್ಟಿನಲ್ಲಿ ಕೇಳಿದವರೊಬ್ಬರು ‘ಹಾಡಿನಿಂದ ಹಾಡಿಗೆ ಇವರ ಒಂಟಿತನ ಆಳವಾಗುತ್ತಿದೆ’ ಎಂದು ಬರೆದರು. ಆರು ಗಾದಿ ಹೊಸದುರ್ಗಕ್ಕೆ ಹೋಗಿದ್ದವು, ಅಷ್ಟೆ.

ನಾಲ್ಕನೆಯ ಹಾಡಿನ ದಿನ ಉಳಿದದ್ದು ಎರಡೇ. ಎರಡನ್ನೂ ಬಾಗಿಲ ಕಡೆ ನಿಲ್ಲಿಸಿಕೊಂಡೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ, ಎಂದಿನಂತೆ, ಲೈಬ್ರರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದೆ. ಹನ್ನೊಂದು ಸಲ ಕೆಟ್ಟಿದ್ದ ಹಾಡು ಹನ್ನೆರಡನೆಯ ಸಲ ಸರಿಯಾಗಿ ಬರುತ್ತಿತ್ತು. ಕೊನೆಯ ಚರಣಕ್ಕೆ ಬಂದಾಗ ಎದುರಿನ ಗಾದಿ ಮೆಲ್ಲಗೆ ಸರಿಯಿತು. ಒಂದು ತುದಿ ಹಿಡಿದವರು ಸಾಬರು. ಇನ್ನೊಂದು ತುದಿಯನ್ನು ಒತ್ತಿ ನೋಡುತ್ತಿದ್ದವಳು ನನ್ನ ಅಮ್ಮ.

ಸಾಬರು ತುಟಿಯ ಮೇಲೆ ಬೆರಳಿಟ್ಟರು. ಅಮ್ಮ ತೆರೆದ ಬಾಯಿ ಮುಚ್ಚಿದಳು. ನಿಲ್ಲಿಸಿದರೆ ಹಾಡು ಹೋಗುತ್ತಿತ್ತು. ಗುಟ್ಟಂತೂ ಹೋಗಿಯೇ ಆಗಿತ್ತು. ಕಣ್ಣು ಮುಚ್ಚಿ ಮುಗಿಸಿದೆ. ಗಿಟಾರಿನ ಕೊನೆಯ ತಂತಿ ಸುಮ್ಮನಾದದ್ದೇ ಅಮ್ಮ ಕೇಳಿದಳು:

“ಇದಾ ಏನೇ ನಿನ್ ಲೈಬ್ರರಿ?”

“ನಿಮ್ ಮಗ್ಳಾ? ಕುಂತ್ಕಳ್ರಿ ಅಮ್ಮಾರೆ” ಎಂದರು ಸಾಬರು. “ಎರಡು ವರ್ಷದಿಂದ ಹಾಡ್ತಾಳೆ, ಹಾಡೋವಾಗ ನಾನೂ ಮುಖ ನೋಡಿದ್ದು ಇವತ್ತೇ.”

“ಹಾಡು ಹಂಗಿರ್ಲಿ ಸಾಬ್ರೆ. ನಮ್ಮನೆಯವ್ರಿಗೆ ಬೆನ್ನುನೋವು, ಈ ಗಾದಿ ಗಟ್ಟಿ ಐತಾ ಹೇಳ್ರಿ.”

ಗಾದಿಯ ಮೇಲೆ ಈಗ ಅಪ್ಪ ಗೊರಕೆ ಹೊಡೆಯುತ್ತಾರೆ. ಹಾಡಿನ ಕೊನೆಯಲ್ಲಿ ರೆಕಾರ್ಡಾದ ಅಮ್ಮನ ಪ್ರಶ್ನೆಯನ್ನು ಕತ್ತರಿಸಲು ಇಮ್ರಾನ್ ಒಪ್ಪಲಿಲ್ಲ. ಕೇಳಿದವರೆಲ್ಲ ಆ ಒಂದು ಸಾಲನ್ನೇ ಮೆಚ್ಚಿದ್ದಾರೆ. ದನಿಯಲ್ಲಿ ಎಷ್ಟು ನಿಜವಿದೆ ಎನ್ನುತ್ತಾರೆ. ಆ ಸಾಲಿಗೆ ನಿನ್ನ ಹೆಸರು ಹಾಕಲೇ ಎಂದರೆ, “ಬ್ಯಾಡ, ನಾಲ್ಕು ಜನಕ್ಕೆ ಗೊತ್ತಾಗ್ತೈತೆ” ಎಂದಳು ಅಮ್ಮ. ಹೀಗಾಗಿ ಆ ಹೊಗಳಿಕೆಯೂ ನನಗೇ ಬರುತ್ತಿದೆ. ಕಂಡ ತಪ್ಪನ್ನೆಲ್ಲ ತಿದ್ದುವ ಚಟ ನನಗೆ. ಇದೊಂದನ್ನು ಮಾತ್ರ ಇನ್ನೂ ತಿದ್ದಿಲ್ಲ.