ಎಂಬತ್ತೆಂಟು ಪುಟದ ವರದಿ

ಪ್ರಾಜೆಕ್ಟ್ ವರದಿಗೆ ಆಗಬೇಕಾಗಿದ್ದದ್ದು ಮ್ಯಾನೇಜರರ ಒಂದು ಸಹಿ, ಪಕ್ಕದಲ್ಲೊಂದು ಮೊಹರು. ಅಷ್ಟು ಹಾಕಿಸಿಕೊಂಡು ಹನ್ನೊಂದು ಗಂಟೆಯ ಮೌಖಿಕ ಪರೀಕ್ಷೆಗೆ ವಿಶ್ವವಿದ್ಯಾಲಯ ಮುಟ್ಟಿದ್ದರೆ ಸ್ಟೋರ್ ಅಕ್ಕನ ದಿನ ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಯುತ್ತಿತ್ತು. ಆದರೆ ಫ್ಯಾಕ್ಟರಿಯ ಗೇಟಿನಲ್ಲಿ ಫೋರ್‌ಮನ್ ಎದುರಾದಾಗ ಅವಳಿಗೆ ತಡೆಯಲಾಗಲಿಲ್ಲ. ಬ್ಯಾಗಿನಿಂದ ವರದಿ ತೆಗೆದು ತೋರಿಸಿಯೇ ಬಿಟ್ಟಳು.

ತಡೆದುಕೊಳ್ಳುವುದಾದರೂ ಹೇಗೆ? ಸೀಲಿಂಗ್ ಫ್ಯಾನ್ ಮಾಡುವ ಆ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷದಿಂದ ಅವಳೇ ಸ್ಟೋರ್‌ಕೀಪರ್. ಯಾವ ಬೇರಿಂಗ್ ಯಾವ ಡಬ್ಬದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಆದರೂ ಸ್ಟೋರ್ ಮ್ಯಾನೇಜರ್ ಆಗಬೇಕಾದರೆ ಡಿಗ್ರಿ ಬೇಕೇ ಬೇಕು ಎಂದರು. ಸರಿ, ನಲವತ್ತಾರರ ವಯಸ್ಸಿನಲ್ಲಿ ಮಗಳ ಹಳೇ ಬ್ಯಾಗು ಹೆಗಲಿಗೇರಿಸಿಕೊಂಡು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್, ಬಿಸಿನೆಸ್ ಸ್ಟ್ರಾಟೆಜಿ ಓದಲು ಹೊರಟಳು. ಮೊದಲ ದಿನ ಅವಳು ಒಳಗೆ ಬಂದಾಗ ಪಾಠ ಮಾಡಲು ಬಂದವರೆಂದುಕೊಂಡು ಇಡೀ ಕ್ಲಾಸು ಎದ್ದು ನಿಂತಿತ್ತು. ಮಾಲು ಎಲ್ಲಿಂದ ಹೊರಟು, ಯಾರ ಯಾರ ಕೈ ದಾಟಿ, ಯಾವಾಗ ಎಲ್ಲಿ ಮುಟ್ಟಬೇಕು ಎಂಬುದನ್ನು ಓದುವುದು ಎಂದು ಗಂಡನಿಗೆ ವಿವರಿಸಿದಾಗ ಆತ, "ಅದನ್ನೇ ಅಲ್ವಾ ನೀನು ದಿನಾ ಮಾಡ್ತಿರೋದು?" ಎಂದಿದ್ದ. ಹಾಗೆಂದವನೇ ಅವಳ ಪುಸ್ತಕಗಳಿಗೆಲ್ಲ ಬೈಂಡ್ ಹಾಕಿಕೊಟ್ಟಿದ್ದ.

ಮೂರು ವರ್ಷದ ಓದಿನ ಫಲ ಈ ವರದಿ. ತನ್ನದೇ ಸ್ಟೋರಿನ ಬಗ್ಗೆ ಎಂಬತ್ತೆಂಟು ಪುಟ, ನೀಲಿ ರಟ್ಟು, ರಟ್ಟಿನ ಮೇಲೆ ಚಿನ್ನದ ಬಣ್ಣದಲ್ಲಿ ಅವಳ ಹೆಸರು.

"ನಮ್ಮವರಿಗೆ ಒಂದ್ಸಲ ತೋರಿಸಿ ಎರಡೇ ನಿಮಿಷಕ್ಕೆ ತರ್ತೀನಿ ಅಕ್ಕಾ," ಎಂದು ಫೋರ್‌ಮನ್ ಅದನ್ನು ಎದೆಗವಚಿಕೊಂಡು ಹೋದ. ಅವಳು ಬೇಡವೆನ್ನಲಿಲ್ಲ. ಮ್ಯಾನೇಜರ್ ಇನ್ನೂ ಬಂದಿರಲಿಲ್ಲ ಬೇರೆ.

ಹತ್ತು ನಿಮಿಷ ಕಾದು ಹುಡುಕಿಕೊಂಡು ಹೋದರೆ ಫೋರ್‌ಮನ್ ಬರಿಗೈಯಲ್ಲಿ ನಿಂತಿದ್ದ. ವರದಿ ತಂತಿ ಸುತ್ತುವ ಹೆಂಗಸರ ಹತ್ತಿರ ಹೋಗಿತ್ತು. ಅಲ್ಲಿಗೆ ಓಡಿದಳು. ಮೊದಲ ಪುಟದ ಕೃತಜ್ಞತೆಯಲ್ಲಿ ತಮ್ಮ ಹೆಸರುಗಳನ್ನು ಕಂಡು ಆ ಹೆಂಗಸರು ಮೂರು ಸಲ ಗಟ್ಟಿಯಾಗಿ ಓದಿಸಿದ್ದರಂತೆ. ಹಿರಿಯಳೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಆದರೆ ವರದಿ ಅಲ್ಲಿರಲಿಲ್ಲ. ಪೇಂಟರನ ಫೋಟೋ ಒಳಗಿದೆ ಎಂದು ಪೇಂಟ್ ಶೆಡ್ಡಿಗೆ ಕಳಿಸಿದ್ದರು.

ದಾರಿಯುದ್ದಕ್ಕೂ ಜನ ಅಡ್ಡ ಬಂದರು. ಉದ್ದದ ಬೋಲ್ಟ್ ಎಲ್ಲಿ ಎಂದು ಒಬ್ಬ ಕೇಳಿದರೆ ಎರಡನೇ ರ‍್ಯಾಕ್, ಕೆಳಗಿನ ಡಬ್ಬ ಎಂದಳು. ರಬ್ಬರ್ ವಾಷರ್ ಎಂದವನಿಗೆ ಕಿಟಕಿ ಪಕ್ಕದ ಡ್ರಾಯರ್ ಎಂದಳು. ಫ್ಯಾಕ್ಟರಿಯ ಮೊಳೆ ಮೊಳೆಯ ವಿಳಾಸ ನಾಲಿಗೆ ತುದಿಯಲ್ಲಿತ್ತು. ಸಿಗದೇ ಹೋದದ್ದು ಅವಳ ಸ್ವಂತ ಪುಸ್ತಕವೊಂದೇ.

ಪೇಂಟರ್ ಅವಳನ್ನು ಕಂಡೊಡನೆ ತಲೆ ತಗ್ಗಿಸಿದ. ಕೈ ಒರೆಸಿಕೊಂಡೇ ಮುಟ್ಟಿದ್ದು, ಆದರೂ ಹದಿನೇಳನೇ ಪುಟದ ಮೇಲೆ ಹೆಬ್ಬೆರಳು ಮೂಡಿಬಿಟ್ಟಿದೆ, ಬಣ್ಣ ಮಾತ್ರ ಒಳ್ಳೇ ಕಂಪನಿಯದು, ಎಷ್ಟು ವರ್ಷವಾದರೂ ಮಾಸುವುದಿಲ್ಲ ಎಂದು ಸಮಾಧಾನ ಹೇಳಿದ. ಇನ್ನೂ ಹಾಳಾಗದಿರಲಿ ಎಂದು ಆಫೀಸಿನ ಗುಮಾಸ್ತರ ಮೇಜಿನ ಮೇಲೆ ಇಟ್ಟುಬಂದಿದ್ದ.

ಅವಳು ಆಫೀಸಿಗೆ ಓಡಿದಳು. ತಮ್ಮ ಮೇಜಿಗೆ ಬಂದ ಕಾಗದವನ್ನು ಗುಮಾಸ್ತರು ಸುಮ್ಮನೆ ಬಿಟ್ಟವರಲ್ಲ. ಒಳಬಂದ ಪತ್ರಗಳ ಪುಸ್ತಕದಲ್ಲಿ ವರದಿಗೊಂದು ನಂಬರ್ ಕೊಟ್ಟು, ಪ್ರತಿ ಅಧ್ಯಾಯದ ನೆತ್ತಿಗೂ 'ಸ್ವೀಕರಿಸಲಾಗಿದೆ' ಎಂದು ಕೆಂಪಗೆ ಮುದ್ರೆ ಒತ್ತಿ, ಕ್ರಮ ಪ್ರಕಾರ ಮ್ಯಾನೇಜರರ ಕೋಣೆಗೆ ಕಳಿಸಿದ್ದರು. "ಮೊಹರು ಬೇಕು ಅಂತಿದ್ರಂತಲ್ಲ. ಹನ್ನೆರಡು ಹಾಕಿದೀನಿ," ಎಂದರು ಉಪಕಾರ ಮಾಡಿದವರ ಗತ್ತಿನಲ್ಲಿ.

ಮ್ಯಾನೇಜರರ ಕೋಣೆಯಲ್ಲಿ ಅವರ ಜೊತೆ ಮಾಲೀಕರೇ ಕೂತಿದ್ದರು. ವರದಿಯ ಮೇಲೆ ಎರಡು ತಲೆಗಳೂ ಬಾಗಿದ್ದವು. ಗಡಿಯಾರ ಹತ್ತು ಮೂವತ್ತೈದು ತೋರಿಸುತ್ತಿತ್ತು.

"ಇದನ್ನೆಲ್ಲ ನೀವೇ ಬರೆದ್ರಾ?" ಮಾಲೀಕರು ಕೇಳಿದರು.

"ಒಂದೊಂದು ಅಕ್ಷರಾನೂ ನಂದೇ, ಸರ್."

ಮಾಲೀಕರು ವರದಿ ಮುಚ್ಚಿದರು. ಇಷ್ಟು ವರ್ಷ ಇಂಥವರನ್ನು ಸ್ಟೋರಿನ ಕತ್ತಲೆಯಲ್ಲಿ ಕೂರಿಸಿದ್ದೇ ತಪ್ಪು ಎಂದರು. ತಮಗೊಂದು ಪ್ರತಿ ತೆಗೆಸಿಟ್ಟುಕೊಂಡು, ಮ್ಯಾನೇಜರರಿಂದ ಸಹಿ ಮೊಹರು ಹಾಕಿಸಿ, ತಮ್ಮ ಕಾರಿನಲ್ಲೇ ಅವಳನ್ನು ಕಳಿಸಿಕೊಟ್ಟರು. ಗೇಟು ದಾಟುವಾಗ ತಂತಿ ಸುತ್ತುವ ಹೆಂಗಸರೆಲ್ಲ ಕಿಟಕಿಯಲ್ಲಿ ನಿಂತು ಕೈ ಬೀಸಿದರು. ಸ್ಟೋರ್ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ಪರೀಕ್ಷಕರು ಮೂವರು. ಹೆಬ್ಬೆರಳಿನ ಪುಟವನ್ನು ಅಂಗೈಯಿಂದ ಮುಚ್ಚಲು ನೋಡಿದಳು. ಅವರಲ್ಲಿ ಹಿರಿಯರಾದ ಮೇಡಂ ಕೈ ಸರಿಸಿ ನೋಡಿದರು. ಕೆಂಪು ಮುದ್ರೆಗಳನ್ನೂ ಎಣಿಸಿದರು. ಬೇರೆ ದಾರಿ ಕಾಣದೆ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು.

"ಕೆಲಸದ ಜಾಗದಲ್ಲಿ ನಿಜವಾಗ್ಲೂ ಓದಿಸಿಕೊಂಡಿರೋ ವರದಿ ನಾನು ನೋಡ್ತಿರೋದು ಇದೇ ಮೊದಲು," ಎಂದರು ಮೇಡಂ. ಆಮೇಲೆ ಮೂವರೂ ಸೇರಿ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಇಡೀ ತರಗತಿಗೇ ಅವಳಿಗೆ ಹೆಚ್ಚು ಅಂಕ ಬಂತು.

ಮೂರು ಗಂಟೆಗೆ ಸಿಹಿಯ ಪೊಟ್ಟಣ ಹಿಡಿದು ಅವಳು ಫ್ಯಾಕ್ಟರಿಗೆ ಮರಳಿದಾಗ ಕಾಲು ನೆಲದ ಮೇಲಿರಲಿಲ್ಲ. ಸ್ಟೋರಿನ ಮುಂದೆ ಎಲ್ಲರೂ ನೆರೆದಿದ್ದರು. ತನಗೆ ಅಭಿನಂದನೆ ಹೇಳಲೆಂದೇ ಬಂದಿದ್ದಾರೆ ಎಂದುಕೊಂಡಳು. ಆದರೆ ರ‍್ಯಾಕುಗಳು ಆಗಲೇ ಹೊರಗೆ ಬಂದಿದ್ದವು.

ಮಾಲೀಕರ ಮುಖ ಬೆಳಗುತ್ತಿತ್ತು. "ನಿಮ್ಮ ಎಪ್ಪತ್ತೊಂಬತ್ತನೇ ಪುಟ ಓದಿ ಕೂತಲ್ಲೇ ತೀರ್ಮಾನ ಮಾಡ್ಬಿಟ್ಟೆ. ಮಾಲು ಕಳಿಸೋರು ದಿನಕ್ಕೆ ಎರಡು ಸಲ ನೇರ ಕೆಲಸದ ಮೇಜಿಗೇ ತಂದುಕೊಟ್ರೆ, ಮಧ್ಯೆ ಈ ಸ್ಟೋರ್ ಯಾಕೆ? ನಾಳೆಯಿಂದ ಬೇಡ."

ಹಾಗಾದರೆ ಸ್ಟೋರ್ ಮ್ಯಾನೇಜರ್ ಹುದ್ದೆ ಎಂದು ಅವಳು ತೊದಲಿದಳು.

"ಸ್ಟೋರೇ ಇಲ್ಲ ಅಂದ್ಮೇಲೆ ಮ್ಯಾನೇಜರ್ ಎಲ್ಲಿಂದ ಬರ್ತಾರೆ? ಅದನ್ನೂ ನೀವೇ ಬರೆದಿದೀರಿ, ಎಂಬತ್ತೆರಡನೇ ಪುಟ." ಅವಳನ್ನು ಪ್ಯಾಕಿಂಗಿಗೆ ಹಾಕಲಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ನಿಂತಿದ್ದ ಮೇಜೇ ಖಾಲಿಯಿತ್ತಂತೆ.

ಸ್ಟೋರ್ ಅಕ್ಕ ಮಾಲೀಕರ ಪ್ರತಿಯನ್ನು ಈಸಿಕೊಂಡು ಒಂದು ಪೆಟ್ಟಿಗೆಯ ಮೇಲೆ ಕೂತಳು. ಎಪ್ಪತ್ತೊಂಬತ್ತರಿಂದ ಎಂಬತ್ತೆರಡರವರೆಗೆ ಸಾಲು ಸಾಲಿಗೂ ಬೆರಳಿಟ್ಟು ಓದಿದಳು. ಸ್ಟೋರನ್ನು ಉಳಿಸುವಂಥ ಒಂದೇ ಒಂದು ತಪ್ಪು ಸಾಕಿತ್ತು. ಎರಡನೇ ಸಲವೂ ಓದಿದಳು.

"ಏನಾದ್ರೂ ಸಿಕ್ತಾ ಅಕ್ಕಾ?" ಫೋರ್‌ಮನ್ ಮೆಲ್ಲಗೆ ಕೇಳಿದ.

ಅವಳು ಹಾಳೆಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡಳು. ಕಣ್ಣು ತುಂಬಿತ್ತು, ಆದರೂ ದನಿಯಲ್ಲಿನ ಹೆಮ್ಮೆ ಮುಚ್ಚಿಡಲಾಗಲಿಲ್ಲ.

"ಇಲ್ಲ ಕಣಪ್ಪ. ಎಲ್ಲೂ ಒಂದು ತಪ್ಪಿಲ್ಲ."