ಬಸ್ ನಿಲ್ದಾಣದಲ್ಲಿ ನಾನು ಹಚ್ಚಿದ ಪರಿಚಯದ ದೀಪ

ನಾನು ವಿಜ್ಞಾನದ ಮಾಸ್ತರ. ಸಮಾಜದ ಯಾವ ಸಮಸ್ಯೆಯಾದರೂ ಎರಡು ತಂತಿ, ಒಂದು ಬಲ್ಬಿನಿಂದ ಬಗೆಹರಿಯುತ್ತದೆ ಎಂದು ಬಲವಾಗಿ ನಂಬಿದ್ದೆ.

ಮೊಬೈಲ್ ಇನ್ನೂ ಬರದಿದ್ದ ಕಾಲ. ಸಿಂದಗಿ ಬಸ್ ನಿಲ್ದಾಣದಲ್ಲಿ ಅಪರಿಚಿತರು ಒಬ್ಬರನ್ನೊಬ್ಬರು ಮಾತಾಡಿಸಲಿ ಎಂದು ಒಂದು ಹಲಗೆ ತಯಾರಿಸಿದೆ. ಅದರ ಮೇಲೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಊರಿಗೊಂದು ಬಟನ್, ಊರಿಗೊಂದು ಬಲ್ಬು. ನಿಮ್ಮೂರಿನ ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಅದೇ ಊರಿನವರು ಬಂದು ಪರಿಚಯ ಮಾಡಿಕೊಳ್ಳುತ್ತಾರೆ. ಈ ನಿಯಮವನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ಊರಿನ ಹೆಸರು ಮಾತ್ರ ಗೇಣುದ್ದ!

ಹಲಗೆ ತೂಗುಹಾಕಿದ ದಿನವೇ ಇಂಡಿಯಲ್ಲಿ ನನ್ನ ಹೆಂಡತಿಯ ತಮ್ಮನ ನಿಶ್ಚಯ. ಹನ್ನೆರಡು ಗಂಟೆಯೊಳಗೆ ಹುಡುಗಿಗೆ ಉಡಿ ತುಂಬಬೇಕಾದವಳು ಅಕ್ಕನಾದ ನನ್ನ ಹೆಂಡತಿ ಕಸ್ತೂರಿ.

“ಮೊದ್ಲ ಸೀಟ್ ಹಿಡೀರಿ, ನಿಮ್ಮ ಬಲ್ಬು ಆಮ್ಯಾಗ ಹಚ್ಚೀರಂತ,” ಎನ್ನುತ್ತ, ಬಸ್ಸು ಬಂದ ಕೂಡಲೇ ಕಿಟಕಿಯಿಂದ ಸೀಟಿಗೆ ಹಾಕಲೆಂದು ನನ್ನ ಕೈಗೆ ಟವೆಲ್ ಕೊಟ್ಟಳು.

“ಎರಡ ನಿಮಿಷ,” ಎಂದೆ. ಟವೆಲ್ ಹೆಗಲಿಗೇರಿಸಿ, ಇಂಡಿಯ ಬಟನ್ ಒತ್ತಿ ನಾನೇ ಉದ್ಘಾಟನೆ ನೆರವೇರಿಸಿದೆ.

“ಇಂಡಿ ಗಾಡಿ ಬಂತೋ!” ಎಂದು ದೀಪ ನೋಡಿದ ಯಾರೋ ಕೂಗಿದರು.

ಇಡೀ ನಿಲ್ದಾಣ ಎದ್ದಿತು. ಆಗಷ್ಟೇ ಒಳಬಂದ ಬಸ್ಸಿನ ಕಿಟಕಿಗಳಲ್ಲಿ ಟವೆಲ್, ಕೊಡೆ, ಒಂದು ಜೊತೆ ಚಪ್ಪಲಿ ಬಿದ್ದವು. ಟವೆಲ್ ನನ್ನ ಬಳಿಯೇ ಇದ್ದುದರಿಂದ ಕಸ್ತೂರಿ ಉಡಿಯ ಸೀರೆಯಿದ್ದ ಚೀಲವನ್ನೇ ಎಸೆದಳು!

“ಇದು ಮುದ್ದೇಬಿಹಾಳದ್ದ್ರಿ! ಇಳೀರಿ, ಇಳೀರಿ!” ಎಂದ ಕಂಡಕ್ಟರ್.

ಆಮೇಲೆ ನಡೆದದ್ದು ನನ್ನ ಸಂಶೋಧನೆಯ ವಿಜಯವೇ ಸರಿ. ಅಪರಿಚಿತರು ಪರಸ್ಪರರ ಟವೆಲ್ ಹುಡುಕಿಕೊಟ್ಟರು, “ನಿಮ್ದು ಯಾವೂರ್ರಿ?” ಎಂದು ಕೇಳಿಕೊಂಡರು. ಇಂಡಿ ಕಡೆಯ ಹಲಸಂಗಿಯ ಒಬ್ಬಾಕೆ ಕಸ್ತೂರಿಯ ಚೀಲ ತಂದುಕೊಟ್ಟಳು. ನಂತರ ಎಲ್ಲರೂ ಒಗ್ಗಟ್ಟಾಗಿ ನನ್ನ ಕಡೆ ಬಂದರು.

“ಈ ದೀಪ ಹಚ್ಚಿದಾವ ಯಾಂವ?”

“ಸಣ್ಣ ಅಕ್ಷರ ಓದ್ರಿ,” ಎಂದೆ.

“ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡೀರಲ್ರೀ ಮಾಸ್ತರ!” ಎಂದರು ಒಬ್ಬ ಹಿರಿಯರು.

ನಾನು ನಿಯಮ ವಿವರಿಸುತ್ತಿದ್ದಾಗಲೇ ನಿಜವಾದ ಇಂಡಿ ಬಸ್ಸು ಬಂತು. ಯಾವ ದೀಪದ ನೆರವೂ ಇಲ್ಲದೆ ಎಲ್ಲರೂ ಹತ್ತಿದರು. ನಾನು ಓಡಿ ಹೋಗುವಷ್ಟರಲ್ಲಿ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಲಸಂಗಿಯಾಕೆ ಕಿಟಕಿಯಿಂದ ನನ್ನನ್ನು ತೋರಿಸಿ, ಪಕ್ಕದಲ್ಲಿದ್ದ ಕಸ್ತೂರಿಯನ್ನು ಕೇಳಿದಳು: “ಯಕ್ಕಾ, ಆ ದೀಪದ ಮಾಸ್ತರ ನಿಮಗ ಗೊತ್ತೇನ್ರಿ?”

ಕಸ್ತೂರಿ ನನ್ನ ಹೆಗಲ ಮೇಲಿನ ಟವೆಲ್ ನೋಡಿದಳು.

“ಇಲ್ಲವ್ವಾ, ಯಾರೋ ಏನೋ.”

ಬಸ್ಸು ಹೋಯಿತು. ಉಡಿ ಸಮಯಕ್ಕೆ ಸರಿಯಾಗಿ ತುಂಬಿದಳಂತೆ. ನಾನು ಹಲಗೆಯ ಬಳಿ ಮರಳಿ, ನಮ್ಮೂರಾದ ಸಿಂದಗಿಯ ಬಟನ್ ಒತ್ತಿ ಕೂತೆ. ದೀಪವೇನೋ ಚೆನ್ನಾಗಿಯೇ ಹತ್ತಿತು. ಮಾತಾಡಿಸಲು ಯಾರೂ ಬರಲಿಲ್ಲ.