ಸನ್ನದಿನ ಮನೆಯ ಅಪ್ಪಣೆ

ಈ ಅನಾಹುತಕ್ಕೆಲ್ಲ ಕಾರಣ ಒಂದು ಪೊಟ್ಟಣ ಗೋಳಿಬಜೆ. ಕಳಸದ ವಿಷ್ಣುಮೂರ್ತಿ ಭಟ್ಟರು ಅದನ್ನು ಬೆಳಿಗ್ಗೆ ಪೇಟೆಯಿಂದ ಕಟ್ಟಿಸಿಕೊಂಡು ಬಂದರು, ಜಗಲಿಯಲ್ಲಿ ಕೂತು ತಿಂದರು, ಕೈ ಒರೆಸಿಕೊಳ್ಳಲು ಪೊಟ್ಟಣದ ಕಾಗದ ಬಿಡಿಸಿದರು. ಎಣ್ಣೆ ಕಲೆಗಳ ನಡುವೆ ಅಚ್ಚಾಗಿದ್ದನ್ನು ಓದಿದವರು ಕೈ ಒರೆಸುವುದನ್ನೇ ಮರೆತರು. ಅದೊಂದು ಕರಪತ್ರ. ನಿವೃತ್ತ ಹೆಡ್‌ಮಾಸ್ತರ್ ಓಂಕಾರಮೂರ್ತಿಯವರು ಬರೆದ ಮೂಡಿಗೆರೆ ಸೀಮೆಯ ಚರಿತ್ರೆ ಅಂದೇ ಮಧ್ಯಾಹ್ನ ಮೂಡಿಗೆರೆಯಲ್ಲಿ ಬಿಡುಗಡೆ. ಅಧ್ಯಕ್ಷತೆ, ಹುಲಿಮನೆ ಎಸ್ಟೇಟಿನ ರುದ್ರಪ್ಪನವರು.

ಯಾರೋ ಪುಸ್ತಕ ಬರೆದರೆ ನಿಮಗೂ ನನಗೂ ಏನೂ ನಷ್ಟವಿಲ್ಲ. ಭಟ್ಟರ ವಿಷಯ ಹಾಗಲ್ಲ. ಅವರ ಮನೆಗೆ ಸನ್ನದಿನ ಮನೆ ಎಂದೇ ಹೆಸರು. ಮಹಾರಾಜರ ಕಾಲದಲ್ಲಿ ಅವರ ಅಜ್ಜನಿಗೆ ಮೈಸೂರು ಸರ್ಕಾರ ಮೊಹರು ಒತ್ತಿ ಒಂದು ಸನ್ನದು ಕೊಟ್ಟಿತ್ತು: ಈ ಸೀಮೆಯ ಚರಿತ್ರೆಯನ್ನು ಇವರೇ ಬರೆದು ಅಚ್ಚು ಹಾಕಿಸತಕ್ಕದ್ದು, ಇವರ ವಂಶದವರ ಅಪ್ಪಣೆಯಿಲ್ಲದೆ ಬೇರೆ ಯಾರೂ ಅಚ್ಚು ಹಾಕಿಸಕೂಡದು. ಅಜ್ಜ ಗಣಪತಿ ಸ್ತುತಿ ಬರೆದು ಲೇಖನಿ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಅಪ್ಪ ಸನ್ನದಿಗೆ ಗಾಜಿನ ಕಟ್ಟು ಹಾಕಿಸಿದರು. ಮೊಮ್ಮಗ ದಿನಾ ಅದಕ್ಕೆ ಹೂವೇರಿಸಿದರು. ವಿದ್ವತ್ತು ಅಲ್ಲಿಗೆ ಮುಗಿಯಿತು. ಆದರೇನು, ಮದುವೆ ಮುಂಜಿಗಳಲ್ಲಿ "ಸನ್ನದಿನವ್ರು ಬಂದ್ರು, ಜಾಗ ಬಿಡ್ರೋ" ಎಂದು ಭಟ್ಟರನ್ನು ಮೊದಲ ಪಂಕ್ತಿಗೇ ಕೂರಿಸುತ್ತಿದ್ದರು. ಬೇರೊಬ್ಬ ಚರಿತ್ರೆ ಅಚ್ಚು ಹಾಕಿಸಿಬಿಟ್ಟರೆ ಈ ಮರ್ಯಾದೆಯ ಗತಿಯೇನು?

"ಸುಮ್ನೆ ಕೂತ್ರೆ ಆಯ್ತಾ?" ಎಂದಳು ಹೆಂಡತಿ ತುಂಗಾ. "ಅಜ್ಜಯ್ಯನ ಸನ್ನದು ಇದ್ದೂ ಆ ಮೇಷ್ಟ್ರು ಮೆರೀತಾರೆ ಅಂದ್ರೆ ನಾಳೆ ನಾನು ನಾಲ್ಕು ಜನರ ಎದುರು ಮುಖ ಎತ್ತೋದು ಹೇಗೆ? ಹೋಗಿ, ನಿಲ್ಸಿ ಬನ್ನಿ."

ಭಟ್ಟರು ಸನ್ನದನ್ನು ಗೋಡೆಯಿಂದ ಇಳಿಸಿ, ಎದೆಗವಚಿಕೊಂಡು ಬಸ್ಸು ಹತ್ತಿದರು.

ಬಸ್ಸಿನಲ್ಲಿ ಪಕ್ಕಕ್ಕೆ ಸಿಕ್ಕವರು ಗುರುವಯ್ಯ, ಕೋರ್ಟಿನ ಅಮೀನರಾಗಿ ರಿಟೈರಾದವರು. ಅವರು ರಿಟೈರಾದರೂ ಕಾನೂನು ಅವರನ್ನು ಬಿಟ್ಟಿರಲಿಲ್ಲ. ಭಟ್ಟರ ಕಥೆ ಕೇಳಿದ್ದೇ ತಡ, ಸಲಹೆ ಕೊಟ್ಟರು.

"ನಿಲ್ಸೋಕೆ ಹೋಗ್ಬೇಡಿ ಭಟ್ರೇ. ಗಲಾಟೆ ಆಗ್ತದೆ. ಅಪ್ಪಣೆ ಸನ್ನದಿನ ಮನೇದು ಅಂತ ಅವ್ರ ಬಾಯಲ್ಲೇ ಹೇಳ್ಸಿ. ಅಲ್ಲಿಗೆ ಪುಸ್ತಕ ನಿಮ್ದಾಯ್ತು. ಬರ್ದಿದ್ದು ಅವ್ರು, ಹೆಸ್ರು ನಿಮ್ದು!"

"ಅಯ್ಯೋ, ಇದು ಎಷ್ಟು ಚೆಂದ ಮಾರಾಯ್ರೇ!" ಎಂದು ಭಟ್ಟರು ಅರಳಿಹೋದರು.

ಅಷ್ಟರಲ್ಲಿ ಬಾಳೂರಿನಲ್ಲಿ ಜವರಮ್ಮ ಎಂಬ ಹೆಂಗಸು ಎರಡು ಎಳೆ ಹಲಸಿನಕಾಯಿ ಹೊತ್ತು ಬಸ್ಸು ಹತ್ತಿದಳು. ಕುಳಿತುಕೊಳ್ಳಲು ಜಾಗವಿರಲಿಲ್ಲ. ತಿರುವಿನಲ್ಲಿ ಬಸ್ಸು ವಾಲಿತು, ಜವರಮ್ಮ ಕಂಬಿ ಹಿಡಿದಳು, ಹಲಸಿನಕಾಯಿ ಭಟ್ಟರ ಮಡಿಲಿಗೆ ಬಿತ್ತು. ಚಟ್ ಎಂದು ಗಾಜು ಒಡೆಯಿತು.

"ಅಯ್ಯೋ ಮಾರಾಯ್ತಿ, ನನ್ನ ಸನ್ನದು!"

"ಕಾಯಿಗೇನೂ ಆಗಿಲ್ಲ ಬಿಡಿ ಅಯ್ಯ," ಎಂದು ಜವರಮ್ಮ ಧೈರ್ಯ ಹೇಳಿದಳು.

ಕಾಯಿಗೇನೋ ಆಗಿತ್ತು. ತೊಟ್ಟಿನಿಂದ ಸೋರಿದ ಮೇಣ ಕಟ್ಟಿನ ಹಿಂಬದಿಗೂ ಭಟ್ಟರ ಜುಬ್ಬಕ್ಕೂ ಹತ್ತಿ, ಮೂಡಿಗೆರೆಯಲ್ಲಿ ಇಳಿಯುವ ಹೊತ್ತಿಗೆ ಸನ್ನದು ಅವರ ಎದೆಗೇ ಅಂಟಿಕೊಂಡಿತ್ತು. ಗುರುವಯ್ಯ ಎಳೆದರು. ಜುಬ್ಬದ ಗುಂಡಿ ಕಿತ್ತುಬಂತು, ಸನ್ನದು ಬರಲಿಲ್ಲ. "ಇರ್ಲಿ ಬಿಡಿ, ಹೀಗೇ ಒಂದು ಗತ್ತು ಇದೆ," ಎಂದರು.

ಸಭಾಂಗಣ ತುಂಬಿತ್ತು. ಸೀಮೆಯ ದೊಡ್ಡ ಮನೆಗಳವರೆಲ್ಲ ತಮ್ಮ ಅಜ್ಜಂದಿರ ಕೀರ್ತಿ ಅಚ್ಚಾಗಿದೆಯೆಂದು ಜರಿಪಂಚೆ ಉಟ್ಟು ಬಂದಿದ್ದರು. ವೇದಿಕೆಯ ಮೇಲೆ ಓಂಕಾರಮೂರ್ತಿಯವರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಪುಸ್ತಕದ ಕಟ್ಟು ಬಿಚ್ಚಲು ಯಾರಾದರೂ ಕೈ ಹಾಕಿದರೆ ಬೆಚ್ಚುತ್ತಿದ್ದರು.

ಭಟ್ಟರು ನಡುದಾರಿಯಲ್ಲಿ ನಡೆದುಬಂದು ಗುಡುಗಿದರು. "ತಡೀರಿ, ಮೊದ್ಲು ಅಪ್ಪಣೆ ಕೇಳಿ! ನಮ್ಮ ವಂಶದ ಅಪ್ಪಣೆ ಇಲ್ದೆ ಈ ಸೀಮೆಯ ಚರಿತ್ರೆ ಯಾರೂ ಅಚ್ಚು ಹಾಕ್ಸೋ ಹಾಗಿಲ್ಲ. ಇಲ್ನೋಡಿ, ಸರ್ಕಾರದ ಮೊಹರು!"

ಎಲ್ಲರೂ ಅವರ ಎದೆ ನೋಡಿದರು. ಜಗಳವಾಗುತ್ತದೆ ಎಂದು ಹಿಂದಿನ ಸಾಲಿನವರು ಖುಷಿಯಿಂದ ಎದ್ದು ನಿಂತರು. ಆಗ ಓಂಕಾರಮೂರ್ತಿಯವರು ಓಡಿಬಂದು, ಒಡೆದ ಗಾಜನ್ನೂ ಲೆಕ್ಕಿಸದೆ ಭಟ್ಟರನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ದೇವ್ರು ಬಂದ ಹಾಗೆ ಬಂದ್ರಿ! ಬನ್ನಿ, ಬನ್ನಿ, ಮೇಲೆ ಬನ್ನಿ."

ತಮಗೆಂದು ತಂದಿದ್ದ ಹಾರವನ್ನು ಭಟ್ಟರಿಗೆ ಹಾಕಿ, ಶಾಲು ಹೊದಿಸಿ, ಮೈಕಿನಲ್ಲಿ ಸಾರಿದರು. "ಈ ಪುಸ್ತಕಕ್ಕೆ ನಿಜವಾದ ಯಜಮಾನ್ರು ಇವ್ರು. ನಾನು ಬರೀ ಗುಮಾಸ್ತೆ. ಇವ್ರ ಅಪ್ಪಣೆಯಿಂದ್ಲೇ ಇದು ಹೊರಗೆ ಬರ್ತಾ ಇದೆ. ಅಲ್ವಾ ಭಟ್ರೇ?"

ಹಾರ, ಶಾಲು, ಚಪ್ಪಾಳೆ. ಹುಟ್ಟಿದಂದಿನಿಂದ ಇಷ್ಟು ಜನ ಒಟ್ಟಿಗೆ ತಮ್ಮನ್ನು ನೋಡಿದ್ದನ್ನು ಭಟ್ಟರು ಕಂಡಿರಲಿಲ್ಲ. ಉಬ್ಬಿಹೋದರು. ಮೈಕು ಹಿಡಿದು ಹೇಳಿದರು: "ಹೌದು! ಅಪ್ಪಣೆ ಕೊಟ್ಟಿದ್ದೇನೆ! ಇದರ ಒಂದೊಂದು ಅಕ್ಷರಕ್ಕೂ ಸನ್ನದಿನ ಮನೆಯೇ ಹೊಣೆ!"

ಓದದ ಪುಸ್ತಕಕ್ಕೆ ಹೊಣೆ ಹೊರುವ ಗಂಡಸನ್ನು ನಾನಂತೂ ಅಲ್ಲಿಯವರೆಗೆ ನೋಡಿರಲಿಲ್ಲ.

ರುದ್ರಪ್ಪನವರು ಕಟ್ಟು ಬಿಚ್ಚಿ ಪುಸ್ತಕ ಬಿಡುಗಡೆ ಮಾಡಿದರು. ಎಲ್ಲರಿಗೂ ಒಂದೊಂದು ಪ್ರತಿ ಹಂಚಿದರು. ತಮ್ಮ ಮನೆಯ ಪುಟವನ್ನು ಹುಡುಕಿ, ಸಭೆಗೂ ಕೇಳಲಿ ಎಂದು ಗಟ್ಟಿಯಾಗಿ ಓದತೊಡಗಿದರು. "ಹುಲಿಮನೆಯ ಹಿರಿಯರು ಹುಲಿ ಹೊಡೆದರೆಂಬುದು ಸುಳ್ಳು. ಹುಲಿಯನ್ನು ಕೊಂದವನು ತೋಟದ ಮೇಸ್ತ್ರಿ. ಹಿರಿಯರು ಮರ ಹತ್ತಿ ಕೂತಿದ್ದರು. ಅದು ಸತ್ತಿತೆಂದು ಖಾತ್ರಿಯಾದ ಮೇಲೆ ಇಳಿದುಬಂದು, ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಂಡರು…"

ಸಭೆಯಲ್ಲಿ ಪುಟ ಮಗುಚುವ ಸದ್ದು ಜೋರಾಯಿತು. ಒಬ್ಬೊಬ್ಬರಾಗಿ ಎದ್ದರು. "ನಮ್ಮ ತಾತ ಗಡಿಕಲ್ಲು ಕಿತ್ತು ನೆಟ್ರು ಅಂತ ಬರ್ದಿದೆ!" "ನಮ್ಮ ಮನೆಯವ್ರು ದೇವ್ರ ದೀಪದೆಣ್ಣೆ ಕದ್ರಂತೆ!" ಸತ್ಯ ಬರೆದ ಮೇಷ್ಟ್ರು ಇದಕ್ಕೇ ಬಿಳಿಚಿಕೊಂಡಿದ್ದು ಎಂದು ಭಟ್ಟರಿಗೆ ಆಗ ಹೊಳೆಯಿತು. ತಿರುಗಿ ನೋಡಿದರು. ಮೇಷ್ಟ್ರ ಕುರ್ಚಿ ಖಾಲಿ.

"ಹೊಣೆ ಯಾರ್ದು ಅಂದ್ರಿ ಭಟ್ರೇ?" ರುದ್ರಪ್ಪನವರು ಅಂಗಿಯ ತೋಳು ಮಡಚಿದರು.

ಭಟ್ಟರು ಗಡಿಬಿಡಿಯಲ್ಲಿ ಪುಟ ಮಗುಚಿದರು. ಏನಾದರೂ ಸಿಗಲಿ, ಒಂದು ಸಾಲು, ಒಂದು ಕಿಂಡಿ! ಸಿಕ್ಕಿತು. ಅವರದೇ ಮನೆಯ ವಿಷಯ. "ಸನ್ನದು ಪಡೆದವರು ಚರಿತ್ರೆ ಬರೆಯದ ಕಾರಣ, ಅವರು ಬದುಕಿರುವಾಗಲೇ ಸರ್ಕಾರ ಸನ್ನದನ್ನು ರದ್ದು ಮಾಡಿತು."

ಇದನ್ನು ಓದಿದರೆ ಮೊದಲ ಪಂಕ್ತಿ ಹೋಯಿತು, ಮನೆಯ ಹೆಸರು ಹೋಯಿತು, ತುಂಗಾಳ ಎದುರು ತಲೆಯೆತ್ತುವ ಯೋಗ ಹೋಯಿತು. ಓದದಿದ್ದರೆ ಮೂಳೆ ಹೋಯಿತು. ಪಾಪ, ಅವರು ಮೂಳೆಯನ್ನು ಆರಿಸಿಕೊಂಡರು. ಮೈಕಿನಲ್ಲಿ ಗಟ್ಟಿಯಾಗಿ ಓದಿ, "ಕೇಳಿದ್ರಲ್ಲ? ನಮ್ಮ ಸನ್ನದು ರದ್ದಾಗಿದೆ! ಪುಸ್ತಕಕ್ಕೂ ನನಗೂ ಏನೇನೂ ಸಂಬಂಧ ಇಲ್ಲ!" ಎಂದು ಕಣ್ಣೊರೆಸಿಕೊಂಡರು.

ರುದ್ರಪ್ಪನವರು ಗಡ್ಡ ಕೆರೆದುಕೊಂಡರು.

"ಅಂದ್ರೆ, ಪುಸ್ತಕದಲ್ಲಿ ಇರೋದು ನಿಜ ಅಂತೀರಿ."

ಭಟ್ಟರು ಲೆಕ್ಕ ಹಾಕಿದರು. ನಿಜವೆಂದರೆ ರುದ್ರಪ್ಪನವರ ಅಜ್ಜ ಮರ ಹತ್ತಿದ್ದೂ ನಿಜ. ಸುಳ್ಳೆಂದರೆ ಸನ್ನದು ಜೀವಂತ, ಒಂದೊಂದು ಅಕ್ಷರಕ್ಕೂ ಅವರೇ ಹೊಣೆ. ಅತ್ತ ದರಿ, ಇತ್ತ ಪುಲಿ.

"ಹೇಳಿ ಭಟ್ರೇ," ಎಂದು ರುದ್ರಪ್ಪನವರು ಮೈಕನ್ನು ಅವರ ಬಾಯಿಗೇ ಹಿಡಿದರು. "ನಿಜವೋ, ಸುಳ್ಳೋ? ಯಾವುದಕ್ಕೆ ಹೊಡೀಬೇಕು ಅಂತ ಗೊತ್ತಾಗ್ಬೇಕಲ್ಲ ನಮ್ಗೆ?"